ಪೆಡಲ್ ಬಾಳಿಕೆ ಬರಬೇಕಾ? ಮೊದಲು ಅದರ ಹೊರತುದಿ ನೋಡಿ

ಸೈಕಲ್ಲಿಗೆ ಫ್ಲಾಟ್ ಪೆಡಲ್ ಕೊಳ್ಳುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ತೂಕ ಕೇಳುತ್ತಾರೆ, ಕೊನೆಗೆ ಮೇಲಿನ ಮುಳ್ಳುಗಳ ಮೇಲೆ ಬೆರಳಾಡಿಸಿ ಹಿಡಿತ ಚೆನ್ನಾಗಿದೆ ಅಂದುಕೊಂಡು ದುಡ್ಡು ಕೊಡುತ್ತಾರೆ. ಇದು ಎಷ್ಟು ವರ್ಷ ಬಾಳುತ್ತದೆ ಅನ್ನೋ ಪ್ರಶ್ನೆಗೆ ಇವ್ಯಾವುದೂ ಉತ್ತರ ಕೊಡುವುದಿಲ್ಲ. ಪೆಡಲನ್ನು ಕೈಯಲ್ಲಿ ಹಿಡಿದು ಅದರ ಹೊರತುದಿ ನೋಡಿ. ಕ್ರ್ಯಾಂಕಿಗೆ, ಅಂದರೆ ಪೆಡಲನ್ನು ಹೊತ್ತು ತಿರುಗುವ ತೋಳಿಗೆ, ಸೇರುವ ಬದಿ ಅಲ್ಲ, ಅದರ ಎದುರು ಬದಿ. ಅಲ್ಲಿ ಒಂದು ಮುಚ್ಚಳ ಇದೆಯಾ? ಪಾನಾ, ಅಲೆನ್ ಕೀ, ಸ್ಕ್ರೂಡ್ರೈವರ್, ಯಾವುದಾದರೂ ಒಂದರಿಂದ ಅದು ಬಿಚ್ಚುತ್ತದಾ? ಒಳಗೆ ಆಕ್ಸಲ್, ಅಂದರೆ ಪೆಡಲ್ ಸುತ್ತುವ ನಡುವಿನ ಸರಳು, ಅದರ ತುದಿಗೆ ಒಂದು ನಟ್ಟು ಕೂತಿದೆಯಾ? ಇದ್ದರೆ ಆ ಪೆಡಲ್ ಬಗ್ಗೆ ಮುಂದೆ ಮಾತಾಡಬಹುದು. ಮುಚ್ಚಳವೇ ಇಲ್ಲ, ರಿವೆಟ್ ಹೊಡೆದು ಮುಚ್ಚಿಬಿಟ್ಟಿದ್ದಾರೆ ಅಂದರೆ ಒಳಗಿನ ಗ್ರೀಸ್ ಇರುವಷ್ಟು ದಿನ ಮಾತ್ರ ಅದರ ಆಯಸ್ಸು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಬಿಚ್ಚಲು ಬರುವ ಪೆಡಲ್ ಬಾಳುತ್ತದೆ. ಉಳಿದದ್ದೆಲ್ಲ, ಅಂದರೆ ಅಲ್ಯುಮಿನಿಯಂ ಒಳ್ಳೆಯದಾ ನೈಲಾನ್ ಒಳ್ಳೆಯದಾ, ಎಷ್ಟು ಮುಳ್ಳು ಬೇಕು, ಯಾವ ಕಂಪನಿ, ಇವೆಲ್ಲ ಆಮೇಲೆ ಬರುವ ವಿಷಯ.

ಫ್ಲಾಟ್ ಪೆಡಲ್ ಅಂದರೆ ಶೂವನ್ನು ಕೊಂಡಿಯಲ್ಲಿ ಸಿಕ್ಕಿಸದೆ ಸುಮ್ನೆ ಕಾಲಿಟ್ಟು ತುಳಿಯುವ ಪೆಡಲ್. ಆಫೀಸಿಗೆ, ಕಾಲೇಜಿಗೆ, ತೋಟಕ್ಕೆ, ಲಗೇಜ್ ಕಟ್ಟಿಕೊಂಡು ಊರೂರು ಸುತ್ತಲು ಹೋಗುವ ಬಹುತೇಕ ಎಲ್ಲರಿಗೂ ಇದೇ ಸರಿ. ಚಪ್ಪಲಿ ಹಾಕಿಕೊಂಡೂ ಓಡಿಸಬಹುದು, ಸಿಗ್ನಲ್ಲಿನಲ್ಲಿ ಕಾಲು ತಟ್ಟನೆ ಕೆಳಗಿಡಬಹುದು. ಮಳೆ, ಕೆಮ್ಮಣ್ಣು, ಗುಂಡಿ, ಹಂಪ್ ಎಲ್ಲ ಇರುವ ನಮ್ಮ ರಸ್ತೆಯಲ್ಲಿ ದಿನಾ ಓಡಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಭಾರ ಎಲ್ಲಿ ಬೀಳುತ್ತದೆ

ಚಕ್ರದ ಆಕ್ಸಲ್ಲಿಗೆ ಎರಡೂ ಕಡೆ ಆಧಾರ ಇದೆ. ಪೆಡಲಿನ ಆಕ್ಸಲ್ಲಿಗೆ ಒಂದೇ ಕಡೆ. ಕ್ರ್ಯಾಂಕಿನಲ್ಲಿ ತಿರುಪಿದ ಆ ತುದಿಯೊಂದೇ ಎಲ್ಲ ಭಾರ ಹೊರಬೇಕು. 75 ಕೆ.ಜಿ. ತೂಕದವರೊಬ್ಬರು ಏರಿನಲ್ಲಿ ಎದ್ದು ನಿಂತು ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟರು ಅನ್ನಿ. ಅದು ಸುಮಾರು 735 ನ್ಯೂಟನ್ ಬಲ. ಕ್ರ್ಯಾಂಕಿನ ಮುಖದಿಂದ ಪಾದದ ನಡುವಿಗೆ 5.5 ಸೆಂ.ಮೀ. ದೂರ ಅಂತ ಇಟ್ಟುಕೊಂಡರೆ, ಆಕ್ಸಲ್ಲಿನ ಬುಡದಲ್ಲಿ ಸುಮಾರು 40 ನ್ಯೂಟನ್ ಮೀಟರ್‌ನಷ್ಟು ಬಗ್ಗಿಸುವ ಒತ್ತಡ ಬೀಳುತ್ತದೆ. 30 ಸೆಂ.ಮೀ. ಉದ್ದದ ಪಾನಾದ ತುದಿಗೆ 13 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಗುಹಾಕಿದಷ್ಟು. ಇದು ಸುಮ್ಮನೆ ನಿಂತಾಗಿನ ಲೆಕ್ಕ. ನಿಂತುಕೊಂಡೇ ಗುಂಡಿಗೆ ಇಳಿದರೆ ಇದು ಎಷ್ಟೋ ಪಟ್ಟು ಆಗುತ್ತದೆ.

ಆದ್ದರಿಂದ ಆಕ್ಸಲ್ ಯಾವುದರದ್ದು ಅನ್ನುವುದು ಮುಖ್ಯ. ತೀರಾ ಅಗ್ಗದ ಪೆಡಲಿನಲ್ಲಿ ಸಾಧಾರಣ ಮೆದು ಉಕ್ಕು ಇರುತ್ತದೆ. ಅದರ ಮೇಲಿನದು ಬೋರಾನ್ ಸ್ಟೀಲ್. ಅದಕ್ಕಿಂತ ಒಳ್ಳೆಯದು ಕ್ರೋಮೊಲಿ, ಅಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ಉಕ್ಕು. ಡಬ್ಬಿಯ ಮೇಲೆ ಕ್ರೋಮೊಲಿ ಆಕ್ಸಲ್ ಅಂತ ಬರೆದಿದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಬಹುದು. ಟೈಟಾನಿಯಂ ಆಕ್ಸಲ್ ಹಗುರ, ತುಂಬಾ ದುಬಾರಿ, ಎಷ್ಟೋ ಸಲ ಸವಾರರ ತೂಕಕ್ಕೆ ಮಿತಿ ಹಾಕಿರುತ್ತಾರೆ. ಬಾಳಿಕೆ ಬೇಕು ಅನ್ನುವವರು ಅದರ ಕಡೆ ಹೋಗಬೇಕಾಗಿಲ್ಲ.

ಐಎಸ್‌ಒ 4210 ಅನ್ನುವ ಅಂತರರಾಷ್ಟ್ರೀಯ ಸೈಕಲ್ ಸುರಕ್ಷತಾ ಮಾನದಂಡದಲ್ಲಿ ಪೆಡಲಿನ ಬಾಳಿಕೆಗೂ ಒಂದು ಪರೀಕ್ಷೆ ಇದೆ. ಪೆಡಲಿಗೆ ಭಾರ ತೂಗುಹಾಕಿ ಆಕ್ಸಲನ್ನು 1,00,000 ಸುತ್ತು ತಿರುಗಿಸುತ್ತಾರೆ. ಕೇಳಲು ದೊಡ್ಡ ಸಂಖ್ಯೆ. ಆದರೆ ನಿಮಿಷಕ್ಕೆ 70 ಸುತ್ತಿನಂತೆ ತುಳಿದರೆ 1 ಲಕ್ಷ ಸುತ್ತು ಸುಮಾರು 24 ಗಂಟೆಯಲ್ಲಿ ಮುಗಿಯುತ್ತದೆ. ದಿನಕ್ಕೆ ಒಂದು ಗಂಟೆ ಓಡಿಸುವವರಿಗೆ ಅದು ಒಂದು ತಿಂಗಳು ಕೂಡ ಅಲ್ಲ. ಪರೀಕ್ಷೆ ಸುಲಭದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಭಾರ ಒಂದು ಕ್ಷಣವೂ ಇಳಿಯುವುದಿಲ್ಲ, ನಮ್ಮ ಕಾಲು ಪ್ರತಿ ಸುತ್ತಿನಲ್ಲಿ ಅರ್ಧ ಮಾತ್ರ ಒತ್ತುತ್ತದೆ. ಪೆಡಲ್ ಮುರಿದು ನೀವು ಬೀಳಬಾರದು ಅನ್ನುವುದಕ್ಕೆ ಆ ಪರೀಕ್ಷೆ. ನಾಲ್ಕು ಮಳೆಗಾಲ ಕಳೆದ ಮೇಲೂ ಅದು ಸಲೀಸಾಗಿ ತಿರುಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಬೇರಿಂಗಿನಲ್ಲಿದೆ.

ಬೇರಿಂಗ್

ನೀವು ಹಳೇ ಸೈಕಲ್ ಶಾಪ್ ನೋಡಿದ್ದರೆ ಗುಂಡು, ಕೋನು, ಕಪ್ಪು ಅನ್ನುವ ಮಾತು ಕೇಳಿರುತ್ತೀರಿ. ಪೆಡಲಿನ ಎರಡೂ ತುದಿಯಲ್ಲಿ ಉಕ್ಕಿನ ಬಟ್ಟಲಿನಂಥ ಕಪ್, ಅದರಲ್ಲಿ ಸುತ್ತಲೂ ಬಿಡಿ ಗುಂಡುಗಳು, ಅವುಗಳನ್ನು ಹಿಡಿಯಲು ಆಕ್ಸಲ್ ಮೇಲೆ ಕೋನ್. ಈ ವ್ಯವಸ್ಥೆಗೆ ತುಂಬಾ ವಯಸ್ಸಾಗಿದೆ. ಹಾಗಂತ ಹಳತಾಗಿದೆ ಅಂತಲ್ಲ. ಜಪಾನಿನ ಮಿಕಾಶಿಮಾ ಕಂಪನಿ, ಅಂದರೆ ಎಂಕೆಎಸ್, ಇವತ್ತಿಗೂ ಸಿಲ್ವನ್, ಲ್ಯಾಂಬ್ಡಾ ಪೆಡಲುಗಳನ್ನು ಹೀಗೇ ಮಾಡುತ್ತದೆ. ಶಿಮಾನೋದ ಪಿಡಿ-ಜಿಆರ್500 ಪೆಡಲಿನಲ್ಲೂ ಬಿಡಿ ಗುಂಡುಗಳೇ ಇರುವುದು. ದೂರದೂರ ಪ್ರವಾಸ ಹೋಗುವವರು ಸಿಲ್ವನ್ ತರಹದ ಪೆಡಲನ್ನು ಹಾಕಿಕೊಳ್ಳುವುದಕ್ಕೆ ಕಾರಣ ಸರಳ. ಅದನ್ನು ಯಾವ ಹಳ್ಳಿಯ ಸೈಕಲ್ ಶಾಪಿನವರೂ ಬಿಚ್ಚಿ ಸರಿಮಾಡಬಲ್ಲರು. ಗುಂಡು ಸವೆದರೆ ಗುಂಡು ಹಾಕಬಹುದು, ಸಡಿಲವಾದರೆ ಬಿಗಿ ಮಾಡಬಹುದು, ಒಣಗಿದ್ದರೆ ಗ್ರೀಸ್ ತುಂಬಬಹುದು.

ಇದರ ದೌರ್ಬಲ್ಯವೂ ಗೊತ್ತಿರಲಿ. ಗುಂಡು ಓಡುವ ಕಪ್ಪಿನ ಮತ್ತು ಕೋನಿನ ಮೇಲ್ಮೈ ಗಟ್ಟಿಯಾಗಿರಬೇಕು, ನುಣುಪಾಗಿರಬೇಕು. ಅಗ್ಗದ ಪೆಡಲಿನಲ್ಲಿ ಅದು ಮೆದು. ನೀರು ಮಣ್ಣು ಸೇರಿದ ಮೇಲೆ ಅಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆಮೇಲೆ ಎಷ್ಟು ಗ್ರೀಸ್ ಹಾಕಿದರೂ ಕಿರಕಿರ ನಿಲ್ಲುವುದಿಲ್ಲ. ಎಷ್ಟೋ ಅಗ್ಗದ ಪೆಡಲುಗಳು ಹೊಸದರಲ್ಲೇ ಅರೆಬರೆ ಗ್ರೀಸ್ ಜೊತೆ ಬರುತ್ತವೆ, ಕೋನನ್ನೂ ವಿಪರೀತ ಬಿಗಿ ಮಾಡಿರುತ್ತಾರೆ. ಅಂಥದ್ದನ್ನು ಕೊಂಡ ದಿನವೇ ಬಿಚ್ಚಿ ಗ್ರೀಸ್ ತುಂಬಿ ಸರಿಯಾಗಿ ಕೂರಿಸಿದರೆ ಅದು ಎರಡು ಮೂರು ಪಟ್ಟು ಬಾಳಿದರೂ ಆಶ್ಚರ್ಯವಿಲ್ಲ.

ಬಿಚ್ಚುವುದು ಕಷ್ಟದ ಕೆಲಸ ಅಲ್ಲ. ಹೊರತುದಿಯ ಮುಚ್ಚಳ ತೆಗೆಯಿರಿ. ಒಳಗೆ ಮೊದಲು ಲಾಕ್ ನಟ್, ಅದರ ಕೆಳಗೆ ಒಂದು ವಾಷರ್, ಅದರ ಕೆಳಗೆ ಕೋನ್. ನಟ್ ಬಿಚ್ಚಿ, ವಾಷರ್ ತೆಗೆದು, ಕೋನ್ ತಿರುಗಿಸಿ ಹೊರಗೆ ತೆಗೆದರೆ ಗುಂಡುಗಳು ಉದುರುತ್ತವೆ. ಆದ್ದರಿಂದ ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ, ಎರಡೂ ಬದಿಯ ಗುಂಡುಗಳನ್ನು ಬೇರೆ ಬೇರೆ ಎಣಿಸಿಕೊಳ್ಳಿ. ಎಲ್ಲವನ್ನೂ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಒರೆಸಿ. ಕೋನ್ ಮೇಲೆ ಗುಂಡು ಓಡಿದ ಗೆರೆ ಹೊಳೆಯುತ್ತಿದ್ದರೆ ಸರಿ, ಗುಳಿ ಬಿದ್ದಿದ್ದರೆ ಕೋನ್ ಹೋಯಿತು ಅಂತಲೇ ಅರ್ಥ. ಕಪ್ಪಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ ಗುಂಡುಗಳನ್ನು ಅದರಲ್ಲಿ ಅಂಟಿಸಿ, ಆಕ್ಸಲ್ ತೂರಿಸಿ, ಕೋನ್ ತಿರುಗಿಸಿ. ಕೊನೆಯ ಹೊಂದಾಣಿಕೆಯಲ್ಲಿ ಮಾತ್ರ ತಾಳ್ಮೆ ಬೇಕು. ಲಾಕ್ ನಟ್ ಬಿಗಿ ಮಾಡುವಾಗ ಕೋನ್ ಕೂಡ ಸ್ವಲ್ಪ ಜೊತೆಗೇ ತಿರುಗುತ್ತದೆ, ಹಾಗಾಗಿ ಒಂದು ಕೂದಲೆಳೆ ಸಡಿಲ ಬಿಟ್ಟು ನಟ್ ಬಿಗಿ ಮಾಡಿ ನೋಡಬೇಕು, ಸರಿಹೋಗದಿದ್ದರೆ ಮತ್ತೆ ಬಿಚ್ಚಿ ನೋಡಬೇಕು. ಅಲ್ಲಾಡಿಸಿದರೆ ಆಟ ಇರಬಾರದು, ತಿರುಗಿಸಿದರೆ ಕೈಗೆ ಒರಟು ಅನ್ನಿಸಬಾರದು.

ಎರಡನೆಯದು ಸೀಲ್ಡ್ ಬೇರಿಂಗ್, ಕೆಲವರು ಕಾರ್ಟ್ರಿಜ್ ಬೇರಿಂಗ್ ಅನ್ನುತ್ತಾರೆ. ಗುಂಡು, ಒಳಬಳೆ, ಹೊರಬಳೆ ಎಲ್ಲ ಸೇರಿದ ಒಂದೇ ಬಿಲ್ಲೆ. ಹೊಂದಾಣಿಕೆ ಮಾಡುವ ತಲೆಬಿಸಿ ಇಲ್ಲ. ಹಾಳಾದರೆ ತೆಗೆದು ಹೊಸದು ಒತ್ತಿ ಕೂರಿಸಬೇಕು. ಇಲ್ಲಿ ನೋಡಬೇಕಾದದ್ದು ಬೇರಿಂಗ್ ಮೇಲಿನ ಸಂಖ್ಯೆ. 688 ಅಂದರೆ ಒಳವ್ಯಾಸ 8 ಮಿ.ಮೀ., ಹೊರವ್ಯಾಸ 16 ಮಿ.ಮೀ. 686 ಅಂದರೆ 6 ಮತ್ತು 13. ಇಂಥ ಸಾಮಾನ್ಯ ಅಳತೆಯದ್ದಾದರೆ ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನಂಥ ಊರಿನ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು, ಪೆಡಲ್ ಕಂಪನಿಯನ್ನೇ ಕಾಯಬೇಕಾಗಿಲ್ಲ. ಸಂಖ್ಯೆಯ ಪಕ್ಕದ ಅಕ್ಷರವನ್ನೂ ನೋಡಿ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂದರೆ ಎರಡೂ ಕಡೆ ಬರೀ ತಗಡಿನ ಮರೆ. ಮಳೆಗೆ ರಬ್ಬರಿನದ್ದೇ ಬೇಕು. ಸೀಲ್ಡ್ ಅನ್ನುವ ಮಾತು ಕೇಳಿ ನೀರೇ ಹೋಗುವುದಿಲ್ಲ ಅಂದುಕೊಳ್ಳಬೇಡಿ. ತಡವಾಗಿ ಹೋಗುತ್ತದೆ, ಅಷ್ಟೇ. ಮತ್ತೆ, ಸೀಲ್ಡ್ ಬೇರಿಂಗ್ ಇದ್ದರೂ ಪೆಡಲನ್ನೇ ಬಿಚ್ಚಲು ಆಗದಿದ್ದರೆ ಆ ಬೇರಿಂಗ್ ಬದಲಾಯಿಸುವುದು ಹೇಗೆ?

ಮೂರನೆಯದು ಬುಷ್. ಗುಂಡೇ ಇಲ್ಲ, ಆಕ್ಸಲ್ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ಅಥವಾ ಲೋಹಕ್ಕೆ ಪ್ಲಾಸ್ಟಿಕ್ ಲೇಪಿಸಿದ ಒಂದು ಸಣ್ಣ ಕೊಳವೆ. ತೆಳ್ಳಗಿನ ಪೆಡಲುಗಳಲ್ಲಿ ಕ್ರ್ಯಾಂಕ್ ಕಡೆ ಬುಷ್, ಹೊರತುದಿಯಲ್ಲಿ ಸೀಲ್ಡ್ ಬೇರಿಂಗ್ ಇರುವುದು ತುಂಬಾ ಸಾಮಾನ್ಯ. ಅದಕ್ಕೆ ಕಾರಣ ಜಾಗ. ಕ್ರ್ಯಾಂಕ್ ಕಡೆ ಆಕ್ಸಲ್ ದಪ್ಪ ಇರಬೇಕು, ಅದರ ಸುತ್ತ ಗುಂಡಿನ ಬೇರಿಂಗ್ ಕೂರಿಸಿದರೆ ಪೆಡಲ್ ಉಬ್ಬಿಕೊಳ್ಳುತ್ತದೆ. ಕೆಲವು ಪೆಡಲುಗಳಲ್ಲಿ ಕ್ರ್ಯಾಂಕಿನ ಹತ್ತಿರ ಪಾದಕ್ಕೆ ತಾಗುವ ಒಂದು ಉಬ್ಬು ಇರುತ್ತದಲ್ಲ, ಅದು ದೊಡ್ಡ ಬೇರಿಂಗಿಗಾಗಿ ಬಿಟ್ಟ ಜಾಗ. ಬುಷ್ ಹೊಡೆತ ತಡೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಮಣ್ಣು ಸೇರಿದರೆ ಸವೆದು ಆಟ ಬರುತ್ತದೆ. ಬದಲಾಯಿಸುವುದು ಸುಲಭ, ಆ ಅಳತೆಯ ಬುಷ್ ಸಿಗಬೇಕು ಅಷ್ಟೇ. ಹೆಚ್ಚಿನ ಸಲ ಅದು ಕಂಪನಿಯ ರಿಪೇರಿ ಕಿಟ್‌ನಲ್ಲೇ ಬರುತ್ತದೆ, ಆದ್ದರಿಂದ ಕೊಳ್ಳುವ ಮೊದಲೇ ಆ ಕಿಟ್ ಸಿಗುತ್ತದಾ ಅಂತ ವಿಚಾರಿಸಿ.

ಹಾಗಾದರೆ ಯಾವುದು ವಾಸಿ? ನನ್ನನ್ನು ಕೇಳಿದರೆ, ಕೈಗೆ ಎಣ್ಣೆ ಮೆತ್ತಿಕೊಳ್ಳಲು ಬೇಸರವಿಲ್ಲದವರಿಗೆ ಒಳ್ಳೆಯ ಉಕ್ಕಿನ ಕಪ್ ಮತ್ತು ಕೋನ್ ಪೆಡಲಿಗೆ ಸಮ ಇಲ್ಲ. ವರ್ಷಕ್ಕೊಮ್ಮೆಯೂ ಬಿಚ್ಚದವರಿಗೆ ರಬ್ಬರ್ ಸೀಲಿನ ಬೇರಿಂಗ್. ತುಂಬಾ ತೆಳ್ಳಗಿನ ಪೆಡಲ್ ಗುಡ್ಡದ ಹಾದಿಯಲ್ಲಿ ಕಲ್ಲಿಗೆ ತಾಗದಿರಲಿ ಅಂತ ಮಾಡಿದ್ದು. ಪೇಟೆಯಲ್ಲಿ ಓಡಾಡುವವರು ಅದಕ್ಕಾಗಿ ಬೇರಿಂಗಿನ ಗಾತ್ರ ಕಳೆದುಕೊಳ್ಳುವುದು ಯಾಕೆ?

ಅಂಗಡಿಯಲ್ಲಿ ಪೆಡಲನ್ನು ಬೆರಳಿನಿಂದ ಗಿರ್ರನೆ ತಿರುಗಿಸಿ ತೋರಿಸುತ್ತಾರೆ. ಎಷ್ಟು ಹೊತ್ತು ತಿರುಗುತ್ತದೋ ಅಷ್ಟು ಒಳ್ಳೆಯದು ಅನ್ನುವ ನಂಬಿಕೆ ಇದೆ. ಇದು ತಪ್ಪು. ಗ್ರೀಸ್ ತುಂಬಿ ರಬ್ಬರ್ ಸೀಲ್ ಬಿಗಿಯಾಗಿ ಕೂತ ಹೊಸ ಪೆಡಲ್ ಒಂದೆರಡು ಸುತ್ತಿಗೇ ನಿಲ್ಲುತ್ತದೆ. ಗ್ರೀಸ್ ಇಲ್ಲದ್ದು ಗಿರಗಿರ ತಿರುಗುತ್ತದೆ. ಅದರ ಬದಲು ನಿಧಾನವಾಗಿ ತಿರುಗಿಸಿ, ಎಲ್ಲಾದರೂ ಕಚ್ಚಿ ಕಚ್ಚಿ ಸಾಗುತ್ತದಾ ನೋಡಿ. ಆಕ್ಸಲ್ ಹಿಡಿದು ಪೆಡಲನ್ನು ಅಡ್ಡಡ್ಡ ಅಲ್ಲಾಡಿಸಿ, ಟಕ್ ಟಕ್ ಅಂದರೆ ಬೇಡ.

ನೀರು ಒಳಗೆ ಹೋಗುವ ದಾರಿ

ಹೊರತುದಿಗೆ ಮುಚ್ಚಳ ಇದೆ. ನೀರು ಹೋಗುವುದು ಮುಖ್ಯವಾಗಿ ಕ್ರ್ಯಾಂಕ್ ಕಡೆಯಿಂದ, ಆಕ್ಸಲ್ ಮತ್ತು ಪೆಡಲ್ ನಡುವಿನ ಸಣ್ಣ ಸಂದಿಯಿಂದ. ಅಲ್ಲಿ ರಬ್ಬರಿನ ಒಂದು ತುಟಿ ಆಕ್ಸಲ್ಲಿಗೆ ಒತ್ತಿಕೊಂಡು ಕೂತಿದೆಯಾ ಅಂತ ನೋಡಿ. ಬರೀ ಸಂದಿ ಕಾಣುತ್ತಿದ್ದರೆ ಮಳೆಗಾಲದಲ್ಲಿ ಕೆಸರುನೀರು ಸೀದಾ ಗುಂಡಿನ ಮೇಲೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದು ತಿಂಗಳುಗಟ್ಟಲೆ ನಡೆಯುವ ಕಥೆ. ಕಡಲ ಹತ್ತಿರ ಉಪ್ಪು ಗಾಳಿ ಬೇರೆ. ಒಳನಾಡಿನಲ್ಲಿ ಮಳೆ ಕಮ್ಮಿ ಅಂತ ನಿಶ್ಚಿಂತೆಯಿಂದ ಇರುವಂತಿಲ್ಲ. ನುಣ್ಣನೆಯ ಧೂಳು ಗ್ರೀಸಿನಲ್ಲಿ ಕಲೆತರೆ ಅದು ಉಕ್ಕನ್ನು ಉಜ್ಜುತ್ತಲೇ ಇರುತ್ತದೆ.

ಪೆಡಲಿಗೆ ಎರಚುವ ಕೆಸರಿನಲ್ಲಿ ದೊಡ್ಡ ಪಾಲು ಮುಂದಿನ ಚಕ್ರದ್ದು. ಅದು ಕೆಳಗಿನಿಂದ ಎತ್ತಿ ನೇರವಾಗಿ ಕ್ರ್ಯಾಂಕ್ ಮತ್ತು ಪೆಡಲ್ ಕಡೆಗೇ ಎಸೆಯುತ್ತದೆ. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಮುಂದಿನ ಮಡ್‌ಗಾರ್ಡ್ ತುದಿಗೆ ಒಂದು ರಬ್ಬರ್ ಫ್ಲ್ಯಾಪ್ ತೂಗುತ್ತಿರುತ್ತದೆ, ನೋಡಿದ್ದೀರಲ್ವಾ? ಅದು ಅಲಂಕಾರಕ್ಕಲ್ಲ. ಈಗಿನ ಗೇರ್ ಸೈಕಲ್ಲುಗಳು ಹೆಚ್ಚಾಗಿ ಮಡ್‌ಗಾರ್ಡ್ ಇಲ್ಲದೇ ಬರುತ್ತವೆ, ಇದ್ದರೂ ಮೋಟುದ್ದ. ನೆಲದಿಂದ ಒಂದು ಗೇಣು ಎತ್ತರಕ್ಕೆ ಇಳಿಯುವ ಹಾಗೆ ಹಳೇ ಟ್ಯೂಬಿನ ತುಂಡು ಕತ್ತರಿಸಿ ಕಟ್ಟಿದರೂ ಸಾಕು. ಪೆಡಲ್, ಚೈನ್, ಬಾಟಮ್ ಬ್ರಾಕೆಟ್ (ಎರಡೂ ಕ್ರ್ಯಾಂಕಿನ ನಡುವಿನ ಬೇರಿಂಗ್) ಮೂರೂ ಜಾಸ್ತಿ ಬಾಳುತ್ತವೆ. ದುಬಾರಿ ಪೆಡಲಿಗಿಂತ ಮೊದಲು ಇದನ್ನು ಮಾಡಿ ಅಂತ ಯಾರಿಗಾದರೂ ನಾನು ಹೇಳುತ್ತೇನೆ.

ಕಾರು ತೊಳೆಯುವ ಪೈಪಿನಲ್ಲಿ ಪೆಡಲ್ ಕಡೆ ಜೋರಾಗಿ ನೀರು ಬಿಡಬೇಡಿ. ಯಾವ ಸೀಲೂ ಅದಕ್ಕೆ ತಡೆಯುವುದಿಲ್ಲ. ಕಿರಕಿರ ಸದ್ದು ಬಂತು ಅಂತ ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದೂ ಬೇಡ. ಸದ್ದು ಒಂದು ವಾರ ನಿಲ್ಲುತ್ತದೆ ನಿಜ, ಆದರೆ ಆ ತೆಳು ಎಣ್ಣೆ ಒಳಗಿನ ಗ್ರೀಸನ್ನು ಕರಗಿಸಿ ಹೊರಗೆ ಹರಿಸಿಬಿಡುತ್ತದೆ. ಬಿಚ್ಚಿ ಗ್ರೀಸ್ ಮಾಡುವುದಕ್ಕೆ ಮಳೆ ಶುರುವಾಗುವ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಅಂತ ಇಟ್ಟುಕೊಂಡರೆ ಸರಿ. ಆಯುಧ ಪೂಜೆಗೆ ಹೇಗೂ ಸೈಕಲ್ ತೊಳೆಯುತ್ತೇವಲ್ಲ, ಎರಡನೇ ಸಲದ್ದನ್ನು ಆಗಲೇ ಮುಗಿಸಬಹುದು. ನೀರಿಗೆ ತೊಳೆದುಹೋಗದ ಗಟ್ಟಿ ಗ್ರೀಸ್ ತಗೊಳ್ಳಿ, ದೋಣಿಗಳಿಗೆ ಬಳಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಬ್ರಿಟನ್ನಿನ ಡಿಎಂಆರ್ ಕಂಪನಿಯ ವಿ8 ಪೆಡಲಿನಲ್ಲಿ ಗ್ರೀಸ್ ಹಾಕಲೆಂದೇ ಒಂದು ತೂತು ಬಿಟ್ಟಿದ್ದಾರೆ. ಗ್ರೀಸ್ ಗನ್ನಿನಿಂದ ಒತ್ತಿದರೆ ಹೊಸ ಗ್ರೀಸ್ ಒಳಗೆ ಹೋಗುತ್ತದೆ, ಹಳೆಯ ಕೊಳಕು ಹೊರಗೆ ಬರುತ್ತದೆ. ಇದನ್ನು ಎಲ್ಲರೂ ಯಾಕೆ ಮಾಡುವುದಿಲ್ಲ ಅಂತ ನನಗೆ ಪ್ರತಿ ಮಳೆಗಾಲದಲ್ಲೂ ಅನ್ನಿಸುತ್ತದೆ.

ಮೈ ಮತ್ತು ಮುಳ್ಳು

ಲೋಹವೇ ಗಟ್ಟಿ, ಪ್ಲಾಸ್ಟಿಕ್ ದುರ್ಬಲ ಅನ್ನುವುದು ಪೂರ್ತಿ ನಿಜ ಅಲ್ಲ. ಪ್ಲಾಸ್ಟಿಕ್ಕಿನಲ್ಲಿ ಎರಡು ಬಗೆ ಇದೆ. ಮಕ್ಕಳ ಸೈಕಲ್ಲಿಗೆ ಬರುವ ಮಾಮೂಲಿ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಒಂದು ದಿನ ಮೂಲೆ ಮುರಿಯುತ್ತದೆ. ಗಾಜಿನ ಎಳೆ ಬೆರೆಸಿದ ನೈಲಾನ್ ಅದಲ್ಲ. ರೇಸ್ ಫೇಸ್ ಕಂಪನಿಯ ಚೆಸ್ಟರ್ ಪೆಡಲ್ ನೈಲಾನಿನದ್ದು, ಒಳಗೆ ಕ್ರೋಮೊಲಿ ಆಕ್ಸಲ್. ಬೆಟ್ಟದ ಕಚ್ಚಾ ಹಾದಿಯಲ್ಲಿ ಓಡಿಸುವವರು ಅದನ್ನು ಮೆಚ್ಚುತ್ತಾರೆ. ನೈಲಾನ್ ಕಲ್ಲಿಗೆ ತಾಗಿದರೆ ಜಾರಿಕೊಂಡು ಹೋಗುತ್ತದೆ, ಅಲ್ಯುಮಿನಿಯಂ ಕಚ್ಚಿಕೊಳ್ಳುತ್ತದೆ. ತುಕ್ಕಿನ ಭಯ ಇಲ್ಲ, ಬೆಲೆಯೂ ಕಮ್ಮಿ. ಅದರ ತೊಂದರೆ ಬೇರೆ ಕಡೆ ಇದೆ. ಬೇರಿಂಗ್ ಕೂತ ಜಾಗ ವರ್ಷಗಟ್ಟಲೆ ಒತ್ತಡಕ್ಕೆ ಸಿಕ್ಕಿ ಹಿಗ್ಗಬಹುದು, ಆಗ ಹೊಸ ಬೇರಿಂಗ್ ಹಾಕಿದರೂ ಬಿಗಿಯಾಗಿ ಕೂರುವುದಿಲ್ಲ.

ಅಲ್ಯುಮಿನಿಯಂನಲ್ಲಿ ಎರಕ ಹೊಯ್ದದ್ದು ಅಗ್ಗ ಮತ್ತು ಪೆಡಸು. ಬಡಿದು ಮಾಡಿದ್ದು ಅಥವಾ ಗಟ್ಟಿಯನ್ನು ಕೊರೆದು ಮಾಡಿದ್ದು ಹೊಡೆತಕ್ಕೆ ಬಗ್ಗಿದರೂ ತಟ್ಟನೆ ಮುರಿಯುವುದಿಲ್ಲ. 6061 ಅನ್ನುವ ಸಂಖ್ಯೆ ಇದ್ದರೆ ಅದು ಒಳ್ಳೆಯ ಮಿಶ್ರಲೋಹದ ಹೆಸರು. ಮ್ಯಾಗ್ನೀಸಿಯಂ ಹಗುರ, ಉಪ್ಪಿನ ಗಾಳಿಗೆ ಆಗಿಬರುವುದಿಲ್ಲ. ಕಾರವಾರ, ಉಡುಪಿ, ಮಂಗಳೂರಿನವರು ಬಿಟ್ಟುಬಿಡಿ.

ಮುಳ್ಳುಗಳ ವಿಷಯದಲ್ಲಿ ಎಷ್ಟಿವೆ ಅನ್ನುವುದಕ್ಕಿಂತ ಹೇಗೆ ಕೂತಿವೆ ಅನ್ನುವುದು ಮುಖ್ಯ. ಪೆಡಲಿನ ಮೈಯಲ್ಲೇ ಅಚ್ಚು ಹಾಕಿದ ಮುಳ್ಳು ಸವೆದರೆ ಮುಗಿಯಿತು. ತಿರುಪಿನ ಮುಳ್ಳಾದರೆ ಬದಲಾಯಿಸಬಹುದು. ಅದರಲ್ಲೂ ಮೇಲಿನಿಂದ ತಿರುಪುವಂಥದ್ದರ ತಲೆ ಕಲ್ಲಿಗೆ ಉಜ್ಜಿ ಹಾಳಾದರೆ ಅಲೆನ್ ಕೀ ಹಿಡಿಯುವುದಿಲ್ಲ. ಹಿಂಬದಿಯಿಂದ ತೂರಿಸಿ ತಿರುಪುವಂಥದ್ದು ತುದಿ ಮುರಿದರೂ ಹಿಂದಿನಿಂದ ಬಿಚ್ಚಿ ತೆಗೆಯಬಹುದು. ನಾನಾದರೆ ಎರಡನೆಯದನ್ನೇ ಹುಡುಕುತ್ತೇನೆ.

ಆದರೆ ನಿಮಗೆ ಲೋಹದ ಮುಳ್ಳು ಬೇಕೇ ಬೇಕಾ? ಹವಾಯಿ ಚಪ್ಪಲಿಯಲ್ಲಿ ಓಡಿಸುವವರಿಗೆ ಅದು ಚಪ್ಪಲಿಯನ್ನು ತಿಂದುಹಾಕುತ್ತದೆ. ಕಾಲು ಜಾರಿದರೆ ಮೊಳಕಾಲಿನ ಕೆಳಗಿನ ಮೂಳೆಗೆ ಬೀಳುವ ಗೀರು ಆಳದ್ದು, ವಾಸಿಯಾಗಲು ದಿನ ಹಿಡಿಯುತ್ತದೆ. ದಿನದ ಓಡಾಟಕ್ಕೆ ಅಗಲವಾದ ರಬ್ಬರ್ ಪಟ್ಟಿಯ ಪೆಡಲ್, ಅಥವಾ ಮೇಲೆ ಉಪ್ಪುಕಾಗದದಂಥ ಒರಟು ಹಾಳೆ ಅಂಟಿಸಿದ್ದು ಸಾಕು. ಹಳೆಯ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಸೈಕಲ್ಲುಗಳ ಎರಡು ರಬ್ಬರ್ ತುಂಡಿನ ಪೆಡಲ್ ಬರಿಗಾಲಿಗೂ ಹಿತ. ರಬ್ಬರ್ ಸವೆದು ಬರೀ ಕಂಬಿ ಉಳಿದ ಮೇಲೂ ಅದನ್ನೇ ತುಳಿಯುವವರನ್ನು ಎಲ್ಲ ಊರಲ್ಲೂ ಕಾಣಬಹುದು. ರಬ್ಬರ್ ಬದಲಾಯಿಸಿ ಕೋನ್ ಸರಿಮಾಡಿದರೆ ಆ ಪೆಡಲ್ ಇನ್ನೊಂದು ಸುತ್ತಿಗೆ ತಯಾರು. ನಿಜವಾಗಿಯೂ ಬಾಳಿಕೆಯ ವಿನ್ಯಾಸ ಅದು.

ಥ್ರೆಡ್ ತಪ್ಪಿದರೆ ಕ್ರ್ಯಾಂಕೇ ಹೋಗುತ್ತದೆ

ದೊಡ್ಡವರ ಸೈಕಲ್ಲುಗಳಲ್ಲಿ ಪೆಡಲ್ ಥ್ರೆಡ್ 9/16 ಇಂಚು, ಅಂದರೆ 14.3 ಮಿ.ಮೀ. ಎರಡೂ ಕ್ರ್ಯಾಂಕ್ ಮತ್ತು ನಡುವಿನ ಆಕ್ಸಲ್ ಸೇರಿ ಒಂದೇ ಬಗ್ಗಿಸಿದ ಸರಳಿನಲ್ಲಿ ಮಾಡಿದ ಸೈಕಲ್ಲುಗಳಲ್ಲಿ, ಮಕ್ಕಳ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇಂಥದ್ದು ಇರುತ್ತದೆ, ಅದು 1/2 ಇಂಚು, 12.7 ಮಿ.ಮೀ. ಆನ್‌ಲೈನ್‌ನಲ್ಲಿ ತರಿಸುವ ಮೊದಲು ಇದನ್ನು ನೋಡಿಕೊಳ್ಳಿ.

ಬಲ ಪೆಡಲ್ ಮಾಮೂಲಿ ಬಲತಿರುಪು, ಅಂದರೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡದ್ದು ಎಡತಿರುಪು, ಅದಕ್ಕೆ ಉಲ್ಟಾ. ಇದಕ್ಕೆ ಒಂದು ಚಂದದ ಕಾರಣ ಇದೆ. ಕ್ರ್ಯಾಂಕ್ ಸುತ್ತುವಾಗ ನಮ್ಮ ಕಾಲು ಯಾವಾಗಲೂ ಕೆಳಮುಖವಾಗಿ ಒತ್ತುತ್ತದೆ. ಕ್ರ್ಯಾಂಕಿನ ತೂತಿನ ಒಳಗೆ ಕೂತು ನೋಡಿದರೆ ಆ ಒತ್ತಡ ಆಕ್ಸಲ್ ಸುತ್ತ ಒಂದು ಸುತ್ತು ಬರುತ್ತದೆ. ತೂತಿನಲ್ಲಿ ಕೂದಲೆಳೆಯಷ್ಟು ಜಾಗ ಇದ್ದರೂ ಆಕ್ಸಲ್ ಅದರಲ್ಲಿ ಉರುಳುತ್ತಾ ನಿಧಾನವಾಗಿ ಒಂದು ದಿಕ್ಕಿಗೆ ತಿರುಗುತ್ತದೆ. ಎಡಗಡೆ ಎಡತಿರುಪು ಇದ್ದರೆ ಆ ತಿರುಗುವಿಕೆ ಬಿಗಿ ಮಾಡುತ್ತದೆ, ಬಲತಿರುಪು ಇದ್ದಿದ್ದರೆ ತುಳಿಯುತ್ತಾ ತುಳಿಯುತ್ತಾ ಪೆಡಲ್ ತಾನಾಗೇ ಬಿಚ್ಚಿಕೊಳ್ಳುತ್ತಿತ್ತು. ಬೇರಿಂಗಿನ ಘರ್ಷಣೆ ಇದಕ್ಕೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ, ಆದರೆ ಬೇರಿಂಗ್ ಸರಿ ಇರುವ ತನಕ ಅದು ತೀರಾ ಕಮ್ಮಿ. ಹಾಗಾಗಿ ಬಿಗಿ ಮಾಡಿದ ಪೆಡಲ್ ಪದೇ ಪದೇ ಸಡಿಲವಾಗುತ್ತಿದ್ದರೆ ಥ್ರೆಡ್ ಜೊತೆಗೆ ಬೇರಿಂಗನ್ನೂ ಅನುಮಾನದಿಂದ ನೋಡಿ.

ಹಾಕುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಲೇಬೇಕು. ಉಕ್ಕಿನ ಆಕ್ಸಲ್ ಮತ್ತು ಅಲ್ಯುಮಿನಿಯಂ ಕ್ರ್ಯಾಂಕ್ ನಡುವೆ ನೀರು ನಿಂತರೆ ಎರಡೂ ಕಚ್ಚಿಕೊಂಡು, ಆಮೇಲೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆದರೂ ಬರುವುದಿಲ್ಲ. ಮೊದಲ ಕೆಲವು ಸುತ್ತು ಬೆರಳಿನಲ್ಲೇ ತಿರುಗಿಸಿ, ಸಲೀಸಾಗಿ ಹೋಗದಿದ್ದರೆ ಒತ್ತಾಯ ಮಾಡದೆ ಹೊರಗೆ ತೆಗೆದು ಮತ್ತೆ ಶುರುಮಾಡಿ. ಆಮೇಲೆ 15 ಮಿ.ಮೀ. ಪಾನಾ, ಕೆಲವಕ್ಕೆ ಹಿಂಬದಿಯಿಂದ 6 ಅಥವಾ 8 ಮಿ.ಮೀ. ಅಲೆನ್ ಕೀ. ಬಿಗಿ 35 ರಿಂದ 40 ನ್ಯೂಟನ್ ಮೀಟರ್. ಪಾನಾ, ಅಲೆನ್ ಕೀ ಎರಡೂ ಹಿಡಿಯುವ ಪೆಡಲ್ ಆದರೆ ಒಳ್ಳೆಯದು, ಯಾಕೆಂದರೆ ಅಲೆನ್ ಕೀ ಮಾತ್ರ ಹಿಡಿಯುವ ಪೆಡಲ್ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ಬಿಚ್ಚುವಾಗ ದಿಕ್ಕು ಗೊಂದಲ ಆದರೆ ಪಾನಾದ ಹಿಡಿಯನ್ನು ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆ ಎಳೆಯಿರಿ. ಎರಡೂ ಪೆಡಲಿಗೆ ಇದೇ ದಿಕ್ಕು.

ಯಾರಿಗೆ ಯಾವುದು

ದಿನಾ ಆಫೀಸಿಗೆ, ಕಾಲೇಜಿಗೆ ಹೋಗುವವರು ಅಗಲ ಮೈಯ, ಮುಳ್ಳಿಲ್ಲದ ಅಥವಾ ಮೊಂಡು ಹಲ್ಲಿನ, ಮುಚ್ಚಳ ಬಿಚ್ಚುವ ಕೋನ್ ಪೆಡಲ್ ತಗೊಳ್ಳಿ. ದೊಡ್ಡ ಬ್ರಾಂಡ್ ಬೇಕಾಗಿಲ್ಲ. 200 ಕಿ.ಮೀ., 300 ಕಿ.ಮೀ. ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಓಡಿಸುವವರಿಗೆ, ತಿಂಗಳುಗಟ್ಟಲೆ ಪ್ರವಾಸ ಹೋಗುವವರಿಗೆ ಎಂಕೆಎಸ್ ತರಹದ್ದು, ಅಥವಾ ಬಿಡಿ ಭಾಗ ಸಿಗುವ ಸೀಲ್ಡ್ ಬೇರಿಂಗಿನದ್ದು. ಕಾಡಿನ ಕಚ್ಚಾ ಹಾದಿಯಂಥ ಕಡೆ ಓಡಿಸುವವರಿಗೆ ನೈಲಾನ್ ಮೈ, ಹಿಂಬದಿಯಿಂದ ತೂರಿಸುವ ಮುಳ್ಳು. ಪಾದ ದೊಡ್ಡದಿದ್ದರೆ 100 ಮಿ.ಮೀ.ಗಿಂತ ಅಗಲದ್ದು ನೋಡಿ, ಆದರೆ ಪಾದ ಹೊರಗೆ ಹೋದಷ್ಟೂ ಆಕ್ಸಲ್ ಬುಡಕ್ಕೆ ಒತ್ತಡ ಜಾಸ್ತಿ. ಅಂಥವರು ಆಕ್ಸಲ್ ವಿಷಯದಲ್ಲಿ ರಾಜಿಯಾಗಬೇಡಿ.

ಹೆದ್ದಾರಿಯಲ್ಲಿ ರಾತ್ರಿ ಓಡಿಸುತ್ತೀರಾದರೆ ರಿಫ್ಲೆಕ್ಟರ್ ಇರುವ ಪೆಡಲನ್ನೇ ಆರಿಸಿ, ಇಲ್ಲವೇ ರಿಫ್ಲೆಕ್ಟರ್ ಸಿಕ್ಕಿಸಲು ಜಾಗ ಇರುವಂಥದ್ದನ್ನು. ಮೇಲೆ ಕೆಳಗೆ ಆಡುವ ಎರಡು ಕಿತ್ತಳೆ ಬೆಳಕು ಕಂಡರೆ ಮುಂದಿರುವುದು ಸೈಕಲ್ ಅಂತ ಹಿಂದೆ ಬರುವ ಲಾರಿ ಚಾಲಕರಿಗೆ ತಕ್ಷಣ ಗೊತ್ತಾಗುತ್ತದೆ. ತೆಳ್ಳಗಿನ ಸ್ಟೈಲಿಶ್ ಪೆಡಲುಗಳಲ್ಲಿ ಇದು ಇರುವುದಿಲ್ಲ. ಆಗ ಶೂ ಹಿಮ್ಮಡಿಗೂ ಕ್ರ್ಯಾಂಕಿನ ಹಿಂಬದಿಗೂ ಹೊಳೆಯುವ ಟೇಪ್ ಅಂಟಿಸಿಕೊಳ್ಳಿ.

ಕೊನೆಗೆ, ಯಾವಾಗ ಕೈಬಿಡಬೇಕು? ಆಕ್ಸಲ್ ಬಗ್ಗಿದ್ದರೆ ತಡ ಮಾಡಬೇಡಿ. ಸೈಕಲ್ ಬಿದ್ದ ಮೇಲೆ, ಪೆಡಲ್ ಕಲ್ಲಿಗೆ ಬಲವಾಗಿ ಬಡಿದ ಮೇಲೆ ಒಮ್ಮೆ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ ಪೆಡಲ್ ಅಡ್ಡಡ್ಡ ತೊನೆಯುತ್ತದಾ ನೋಡಿ. ತುಳಿಯುವಾಗ ಪಾದ ಒಂದು ಕಡೆಗೆ ವಾಲಿದಂತೆ ಅನ್ನಿಸಿದರೂ ಅದೇ ಸೂಚನೆ, ಹಾಗೇ ಮುಂದುವರಿಸಿದರೆ ಮಂಡಿ ನೋವು ಬರಬಹುದು. ಬಗ್ಗಿದ್ದು ಕ್ರ್ಯಾಂಕೋ ಪೆಡಲೋ ಅಂತ ತಿಳಿಯಲು ಅದೇ ಬದಿಯ ಬೇರೊಂದು ಪೆಡಲ್ ಹಾಕಿ ನೋಡಬೇಕು. ಬಗ್ಗಿದ ಆಕ್ಸಲನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿಸಬೇಡಿ, ಅದು ಮುಂದೆ ಯಾವಾಗ ಮುರಿಯುತ್ತದೆ ಅಂತ ಹೇಳಲಾಗುವುದಿಲ್ಲ. ಪೆಡಲಿನ ಮೈ ಚೆನ್ನಾಗಿದ್ದು ಕಂಪನಿಯ ಆಕ್ಸಲ್ ಬಿಡಿಯಾಗಿ ಸಿಕ್ಕರೆ ಅಷ್ಟನ್ನೇ ತರಿಸಿ ಹಾಕಿ. ಸಿಗದಿದ್ದರೆ ಹೊಸ ಪೆಡಲ್ ತಗೊಳ್ಳಿ, ಹಳೆಯದರ ಮುಳ್ಳು, ನಟ್ಟು, ಮುಚ್ಚಳ ಬಿಚ್ಚಿ ಒಂದು ಡಬ್ಬಿಗೆ ಹಾಕಿಡಿ.